ಆರ್‌ಸಿಸಿಬಿ ಪದೇಪದೇ ಬೀಳ್ತಿದ್ಯಾ? ಸ್ವಿಚ್ ಅಲ್ಲ, ಪ್ಲಗ್ ಕೀಳಿ
ಮಳೆಗಾಲದಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಬಿದ್ದು ಸಪ್ಲೈ ಕಡಿಯುವ ಸುರಕ್ಷತಾ ಸ್ವಿಚ್) ಟ್ರಿಪ್ ಆಗ್ತಿದ್ರೆ ಮನೆಯ ಎಲ್ಲಾ ಪ್ಲಗ್ ಕಿತ್ತು, ಆಮೇಲೆ ಒಂದೊಂದೇ ಹಾಕಿ ನೋಡಿ. ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲದು. ಸ್ವಿಚ್ ಸಾಮಾನ್ಯವಾಗಿ ಕಡಿಯೋದು ಫೇಸ್ (ಕರೆಂಟ್ ಬರುವ ವೈರು) ಮಾತ್ರ, ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ಹಾಗೇ ಇರುತ್ತೆ. ಗೀಸರ್ ಒಳಗೆ ನ್ಯೂಟ್ರಲ್ ವೈರು ಅರ್ತ್‌ಗೆ ತಾಗಿದ್ರೆ, ಗೀಸರ್ ಆಫ್ ಇದ್ರೂ ಬೇರೆ ಉಪಕರಣಗಳ ಕರೆಂಟ್ ಆ ದಾರಿಯಲ್ಲಿ ಸೋರಿ 30 ಮಿಲಿಆಂಪ್ ಆರ್‌ಸಿಸಿಬಿ ಬೀಳುತ್ತೆ. ಅದಕ್ಕೇ ಪರೀಕ್ಷೆ ಮಾಡುವಾಗ ಫ್ಯಾನು, ಲೈಟು ಓಡ್ತಿರಲಿ. ಲೋಡೇ ಇಲ್ಲದಿದ್ರೆ, ಅಂದ್ರೆ ಯಾವ ಉಪಕರಣವೂ ಓಡದಿದ್ರೆ, ಈ ಸೋರಿಕೆ ಸಿಕ್ಕಿಬೀಳದೇ ಇರಬಹುದು. ಒಣಗಿದ ಕೈ, ಕಾಲಲ್ಲಿ ರಬ್ಬರ್ ಚಪ್ಪಲಿ ಇರಲಿ. ಎಲ್ಲಾ ಪ್ಲಗ್ ಕಿತ್ತರೂ ಬಿದ್ರೆ ಈ ಉಪಾಯ ನಡೆಯಲ್ಲ: ಸಂಪ್ ಮೋಟಾರು, ಟೆರೇಸ್ ಲೈಟು ಅಥವಾ ನೆಂದ ಗೋಡೆಯೊಳಗಿನ ವೈರಿಂಗ್ ಇರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ದಯವಿಟ್ಟು ಆರ್‌ಸಿಸಿಬಿ ಬೈಪಾಸ್ ಮಾತ್ರ ಮಾಡಿಸಬೇಡಿ.