ಚರ್ಪ್ ಸೈಡ್‌ಲೋಬ್ ಇಳಿಸಿದ ಬಗೆ
ಗುರಿ ಪತ್ತೆಗೆ ಕಳಿಸುತ್ತಿದ್ದುದು 10 ಮಿಲಿಸೆಕೆಂಡಿನ, 20 ಕಿಲೋಹರ್ಟ್ಸ್ ಬ್ಯಾಂಡಿನ ಲೀನಿಯರ್ ಚರ್ಪ್, ಅಂದರೆ ಆವರ್ತನ ಒಂದೇ ವೇಗದಲ್ಲಿ ಬದಲಾಗುವ ಪಲ್ಸ್. ಮ್ಯಾಚ್ಡ್ ಫಿಲ್ಟರ್ (ಮರಳಿದ ಸಿಗ್ನಲ್ಲನ್ನು ಕಳಿಸಿದ ಪಲ್ಸಿನೊಂದಿಗೆ ಹೋಲಿಸುವ ಫಿಲ್ಟರ್) ದಾಟಿದ ಮೇಲೂ ಸೈಡ್‌ಲೋಬ್ (ಮುಖ್ಯ ಶಿಖರದ ಪಕ್ಕದ ಸಣ್ಣ ಶಿಖರ) ಮೈನಸ್ 13 ಡಿಬಿಯಲ್ಲೇ ನಿಂತು ಪಕ್ಕದ ಸಣ್ಣ ಗುರಿಯನ್ನು ನುಂಗುತ್ತಿತ್ತು. ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೂ ಆ ಮಟ್ಟ ಅಲ್ಲಾಡಲಿಲ್ಲ. ರಿಸೀವರಿನಲ್ಲಿ ಹ್ಯಾಮಿಂಗ್ ವಿಂಡೋ (ಅಂಚುಗಳತ್ತ ಇಳಿಯುವ ತೂಕ) ಹಾಕಿದರೆ ಸಿಗ್ನಲ್-ನಾಯ್ಸ್ ಅನುಪಾತದಲ್ಲಿ 1.3 ಡಿಬಿ ನಷ್ಟ. ಪಲ್ಸಿನ ಅಂಚು ಇಳಿಸೋಣವೆಂದರೆ ಸ್ಯಾಚುರೇಶನ್‌ನಲ್ಲಿ (ಸದಾ ಪೂರ್ಣ ಶಕ್ತಿಯಲ್ಲಿ) ಓಡುವ ಆಂಪ್ಲಿಫೈಯರ್ ಕೇಳಬೇಕಲ್ಲ!

ಕೆಲಸ ಮಾಡಿದ್ದು ನಾನ್‌ಲೀನಿಯರ್ ಚರ್ಪ್, ಅಂದರೆ ಆವರ್ತನ ಬದಲಾಗುವ ವೇಗವೇ ಏರಿಳಿಯುವ ಪಲ್ಸ್. ಹ್ಯಾಮಿಂಗ್ ಆಕಾರವನ್ನೇ ಪವರ್ ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ನಕ್ಷೆ) ಎಂದಿಟ್ಟುಕೊಳ್ಳಿ. ವರ್ಗ ಮಾಡಬೇಡಿ, ಮಾಡಿದರೆ ಶಿಖರ ಸುಮ್ಮನೆ ಅಗಲವಾಗುತ್ತದೆ. ಅದನ್ನು ಮೈನಸ್ 10ರಿಂದ ಪ್ಲಸ್ 10 ಕಿಲೋಹರ್ಟ್ಸ್‌ವರೆಗೆ ಕೂಡುತ್ತಾ ಹೋಗಿ, ಕೊನೆಯ ಮೊತ್ತ 10 ಮಿಲಿಸೆಕೆಂಡ್ ಆಗುವಂತೆ ಹೊಂದಿಸಿ. ಸಿಗುವುದು ಆವರ್ತನಕ್ಕೆ ತಕ್ಕ ಸಮಯ. ಇಂಟರ್ಪೊಲೇಶನ್‌ನಿಂದ ತಿರುಗಿಸಿದರೆ ಸಮಯಕ್ಕೆ ತಕ್ಕ ಆವರ್ತನ. ಅದನ್ನು ಮತ್ತೆ ಕೂಡಿ, 2 ಪೈನಿಂದ ಗುಣಿಸಿ, ಸ್ಯಾಂಪಲ್ ದರದಿಂದ ಭಾಗಿಸಿ: ಅದೇ ಫೇಸ್. ಶಿಖರ ಮೊದಲಿನಷ್ಟೇ ಕಿರಿದಾಗಿರಬೇಕಿದ್ದರೆ ಬ್ಯಾಂಡನ್ನು ಸುಮಾರು 29 ಕಿಲೋಹರ್ಟ್ಸ್‌ಗೆ ಏರಿಸಿ. ವೇಗದ ಗುರಿಗಳಿದ್ದಲ್ಲಿ ಎಚ್ಚರ, ಡಾಪ್ಲರ್ (ಗುರಿಯ ಚಲನೆಯಿಂದಾಗುವ ಆವರ್ತನ ಬದಲಾವಣೆ) ಹೆಚ್ಚಾದರೆ ಸೈಡ್‌ಲೋಬ್ ಮತ್ತೆ ಏಳುತ್ತದೆ.