ತಾಟಿನಾಗ ಕಹಿ, ಒಗರೂ ಇರ್ಲಿ
ನಮ್ಮ ಹುಬ್ಬಳ್ಳಿ ಕಡೆ ಖಾರ, ಹುಳಿ, ಉಪ್ಪು ತಿನ್ನೂದನ್ನ ಯಾರೂ ಕಲಿಸಬೇಕಾಗಿಲ್ಲ, ಅವು ತಾವ ಬಂದು ತಾಟಿನಾಗ ಕುಂದರ್ತಾವ. ಬಿಟ್ಟುಹೋಗೂದು ಕಹಿ ಮತ್ತ ಒಗರು. ಆಯುರ್ವೇದದಾಗ ರುಚಿ ಆರು, ಮೈಯೊಳಗಿನ ದೋಷ ಮೂರು, ವಾತ, ಪಿತ್ತ, ಕಫ ಅಂತಾರ; ಸಿಹಿ ಹುಳಿ ಉಪ್ಪು ವಾತ ಇಳಸ್ತಾವ, ಸಿಹಿ ಕಹಿ ಒಗರು ಪಿತ್ತ ಇಳಸ್ತಾವ, ಖಾರ ಕಹಿ ಒಗರು ಕಫ ಇಳಸ್ತಾವ. ಲೆಕ್ಕಾ ಹಾಕಿ ನೋಡ್ರಿ, ಪಿತ್ತಕ್ಕೂ ಕಫಕ್ಕೂ ಬೇಕಾಗಿದ್ದು ನಾವು ಬಿಟ್ಟ ಈ ಎರಡ ರುಚಿ. ದಿನಾ ಕೆಂಪಖಾರ, ಉಪ್ಪಿನಕಾಯಿ, ಮಿರ್ಚಿಭಜಿ ತಿಂದು ಎದಿ ಉರೀತೈತಿ ಅಂತ ಗುಳಿಗಿ ನುಂಗೂ ಹುಡುಗ್ರನ್ನ ನೋಡಿದ್ರ ಜೀವ ಮರಗ್ತೈತಿ.

ಹಾಗಲಕಾಯಿ ತಂದ್ರ ಉಪ್ಪು ಹಚ್ಚಿ, ಹಿಂಡಿ, ನೀರು ಮೋರಿಗೆ ಚೆಲ್ಲಿಬಿಡ್ತಾರ. ಕಹಿ ಸಲುವಾಗಿ ತಂದ ಕಾಯಿದ ಕಹಿನ ಚೆಲ್ಲಿದ್ರ ಉಳೀತೇನು? ನಾನೂ ಲಗ್ನ ಆದ ಹೊಸದಾಗಿ ಹಂಗ ಮಾಡ್ತಿದ್ದೆ, ನಮ್ಮತ್ತಿಯವರು ಬಿಡಿಸಿದ್ರು. ತೆಳ್ಳಗ ಹೆಚ್ಚಿ, ಸಾಸ್ವಿ ಜೀರಗಿ ಕರಿಬೇವಿನ ಒಗ್ಗರಣಿಗೆ ಹಾಕಿ, ಸಣ್ಣ ಉರಿ ಮ್ಯಾಲ ಅಂಚು ಕೆಂಪಾಗೂತನ ಹುರೀರಿ, ಮುಚ್ಚಬ್ಯಾಡ್ರಿ, ಮುಚ್ಚಿದ್ರ ಮೆತ್ತಗಾಗ್ತೈತಿ, ಆಮ್ಯಾಲ ಹುಣಸಿರಸ, ಬೆಲ್ಲ, ಉಪ್ಪು, ಬ್ಯಾಡಗಿ ಖಾರ ಹಾಕಿ, ಕುದ್ದು ಗಟ್ಟಿ ಆಗೂಮುಂದ ಎರಡು ಚಮಚ ಪುಟಾಣಿ (ಹುರಗಡ್ಲಿ) ಹಿಟ್ಟು ಉದುರಿಸ್ರಿ. ಕಡ್ಲಿಯೊಳಗ ಒಗರಿನ ಗುಣ ಐತಿ, ಹಿಂಗಾಗಿ ಒಂದ ಬಾಣಲಿಯೊಳಗ ಆರೂ ರುಚಿ ಬಂದ್ವು. ಸಕ್ಕರಿ ಬ್ಯಾನಿ ಇದ್ದವರು ಬೆಲ್ಲ ಬಿಡ್ರಿ, ಆದ್ರ ಹಾಗಲಕಾಯಿ ತಿನ್ನಾಕತ್ತೀವಿ ಅಂತ ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ.

ದಿನಾ ಇಷ್ಟು ಆಗೂದಿಲ್ಲಂದ್ರ ರೊಟ್ಟಿ ಜೋಡಿ ಹಸಿ ಮೆಂತೆಪಲ್ಲೆ ನಾಕು ಕಡ್ಡಿ ಇಟಗೊಳ್ರಿ, ಹೆಸರಬ್ಯಾಳಿ ಮಾಡ್ರಿ, ಸೀಜನ್ನಿನ್ಯಾಗ ನೇರಳೆಹಣ್ಣು ತಿನ್ರಿ. ನೆಲ್ಲಿಕಾಯಿ ಗುಣ ಅಂತೂ ಭಾಳ ದೊಡ್ಡದು, ಉಪ್ಪೊಂದು ಬಿಟ್ಟು ಉಳಿದ ಐದೂ ರುಚಿ ಅದರಾಗ ಅದಾವ ಅಂತಾರ.

ಕಾಲಾನೂ ನೋಡಬೇಕು. ಸಂಕ್ರಾಂತಿ ಚಳಿಗೆ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಬೆಣ್ಣಿ, ಬೆಲ್ಲ ಹೊಂದ್ತಾವ, ಆವಾಗ ಹೊಟ್ಟಿಯೊಳಗಿನ ಬೆಂಕಿ ಜೋರ ಇರ್ತೈತಿ. ಯುಗಾದಿ ಹೊತ್ತಿಗೆ ಚಳಿಗಾಲದಾಗ ಕೂಡಿದ ಕಫ ಬಿಸಲಿಗೆ ಕರಗ್ತೈತಿ, ಆವಾಗ ಬೇವು ಬೇಕು, ಬರೇ ಬೆಲ್ಲಾ ನೆಕ್ಕಿ ಬೇವಿನ ಹೂ ಬಾಜೂಕ ಇಡಬ್ಯಾಡ್ರಿ.

ಒಂದು ಮಾತ್ರ ಲಕ್ಷ್ಯದಾಗಿಡ್ರಿ, ಮೈ ಒಣಗಿದಂಗಿದ್ದವರು, ಹೊಟ್ಟಿ ಉಬ್ಬರ ಇದ್ದವರು ಕಹಿ ಒಗರು ಜಾಸ್ತಿ ತಿಂದ್ರ ವಾತ ಏರ್ತೈತಿ, ಅಂಥವರು ಅದರ ಮ್ಯಾಲ ಒಂದು ಚಮಚ ತುಪ್ಪ ಹಾಕ್ಕೋಬೇಕು. ಸಣ್ಣ ಹುಡುಗ್ರು ಕಹಿ ಒಲ್ಲೆ ಅಂತಾವ, ಬಡದು ತಿನಸಬ್ಯಾಡ್ರಿ, ಮೆಂತೆಪಲ್ಲೆ ಸಣ್ಣಗ ಹೆಚ್ಚಿ ಥಾಲಿಪೆಟ್ಟಿನ ಹಿಟ್ಟಿನಾಗ ಕಲಸಿ ಬೆಣ್ಣಿ ಹಚ್ಚಿ ಕೊಡ್ರಿ, ಇನ್ನೊಂದು ಕೊಡು ಅಂತಾವ.