ಕರ್ಟಿಸ್ ಫುಲ್ಲರ್ ಅವರ ‘ಬ್ಲೂಸೆಟ್’ ಆಲ್ಬಮ್ ಕೇಳುವ ಬಗೆ

ಟ್ರೊಂಬೋನ್ (ಕೊಳವೆಯನ್ನು ಜಾರಿಸಿ ನುಡಿಸುವ ಹಿತ್ತಾಳೆಯ ಊದುವಾದ್ಯ) ವಾದಕರೇ ನಾಯಕರಾಗಿ ಧ್ವನಿಮುದ್ರಿಸಿದ ಜಾಝ್ ಆಲ್ಬಮ್ಮುಗಳಲ್ಲಿ ಮೊದಲು ಯಾವುದನ್ನು ಕೇಳಬೇಕೆಂದು ಯಾರಾದರೂ ವಿಚಾರಿಸಿದರೆ, ನಾನು ಕರ್ಟಿಸ್ ಫುಲ್ಲರ್ ಅವರ ‘ಬ್ಲೂಸೆಟ್’ ಅನ್ನೇ ಸೂಚಿಸುತ್ತೇನೆ. ಸವಾಯ್ ಎಂಬ ರೆಕಾರ್ಡ್ ಕಂಪನಿಗಾಗಿ 1959ರ ಮೇ ತಿಂಗಳಲ್ಲಿ, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿದ್ದ ಧ್ವನಿಮುದ್ರಣ ತಜ್ಞ ರೂಡಿ ವ್ಯಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ ಇದರ ಮುದ್ರಣ ನಡೆಯಿತು. ಟೆನರ್ ಸ್ಯಾಕ್ಸೊಫೋನ್‌ನಲ್ಲಿ ಬೆನ್ನಿ ಗೋಲ್ಸನ್, ಪಿಯಾನೊದಲ್ಲಿ ಟಾಮಿ ಫ್ಲಾನಗನ್, ಬಾಸ್‌ನಲ್ಲಿ ಜಿಮ್ಮಿ ಗ್ಯಾರಿಸನ್, ಡ್ರಮ್ಸ್‌ನಲ್ಲಿ ಆಲ್ ಹೇರ್‌ವುಡ್ ಇದ್ದಾರೆ.

ಮೊದಲ ಸಲ ಬೇರೇನನ್ನೂ ಲೆಕ್ಕಿಸದೆ ಆಲ್ಬಮ್ಮಿನ ‘ಫೈವ್ ಸ್ಪಾಟ್ ಆಫ್ಟರ್ ಡಾರ್ಕ್’ ಎಂಬ ರಚನೆಯೊಂದನ್ನೇ ಪೂರ್ತಿ ಕೇಳಿ. ಟ್ರೊಂಬೋನ್ ಮತ್ತು ಟೆನರ್ ಒಂದಕ್ಕೊಂದು ಅಂಟಿಕೊಂಡಂತೆ ಧಾಟಿಯನ್ನು ನುಡಿಸುತ್ತವೆ. ಎರಡೂ ಹೆಚ್ಚುಕಡಿಮೆ ಒಂದೇ ಶ್ರುತಿವ್ಯಾಪ್ತಿಯ ವಾದ್ಯಗಳಾದ್ದರಿಂದ, ಯಾವ ದನಿ ಯಾವುದೆಂದು ಬೇರ್ಪಡಿಸಲು ಕಿವಿಗೆ ತುಸು ಹೊತ್ತು ಬೇಕಾಗುತ್ತದೆ. ಈ ಬೆರಕೆಯೇ ಆಲ್ಬಮ್ಮಿನ ಜೀವಾಳ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಸಲ ತಾಳ ಹಾಕುತ್ತಾ ಕೇಳಿ. ಇದು ಹನ್ನೆರಡು ಬಾರ್‌ಗಳ ಬ್ಲೂಸ್, ಅಂದರೆ ಹನ್ನೆರಡು ಬಾರ್‌ಗಳ (ತಾಳದ ಪುಟ್ಟ ಘಟಕಗಳ) ಒಂದೇ ಚೌಕಟ್ಟು ಸುತ್ತುಸುತ್ತಾಗಿ ಮರಳುವ ರಚನೆ. ಬಾರ್‌ಗೆ ನಾಲ್ಕು ಎಣಿಕೆಯಾದ್ದರಿಂದ ಒಂದು ಸುತ್ತಿಗೆ ನಲವತ್ತೆಂಟು ಎಣಿಕೆ, ಅಂದರೆ ಆದಿತಾಳದ ಆರು ಆವರ್ತ. ಧಾಟಿ ಮುಗಿದು ಒಬ್ಬೊಬ್ಬರೇ ಮನೋಧರ್ಮದಿಂದ ನುಡಿಸತೊಡಗಿದಾಗ, ಸ್ವರಗಳ ಬೆನ್ನು ಹತ್ತದೆ, ಎಣಿಕೆಗೊಂದು ಸ್ವರ ಇಡುತ್ತಾ ಸಾಗುವ ಗ್ಯಾರಿಸನ್ ಅವರ ಬಾಸ್‌ಗೆ ಕೈಯನ್ನು ಹೊಂದಿಸಿಕೊಂಡರೆ, ಎಷ್ಟೇ ದೂರ ಹೋದರೂ ವಾದಕರು ಪ್ರತಿ ಸುತ್ತಿನ ತುದಿಯಲ್ಲಿ ಮರಳಿ ಬರುವುದು ತಾನಾಗಿ ತಿಳಿಯುತ್ತದೆ. ಎಣಿಕೆ ತಪ್ಪಿದರೆ ಹಿಂದಕ್ಕೆ ಹೋಗುವ ಅಗತ್ಯವಿಲ್ಲ, ಮುಂದಿನ ಸುತ್ತಿಗೆ ಕಾಯಿರಿ.

ಮೂರನೆಯ ಸಲ ಫುಲ್ಲರ್ ಅವರೊಬ್ಬರನ್ನೇ ಗಮನಿಸಿ. ಟ್ರೊಂಬೋನ್‌ನಲ್ಲಿ ಸ್ವರ ಬದಲಿಸಲು ತುಟಿಯ ಬಿಗಿಯ ಜೊತೆಗೆ, ಏಳು ಸ್ಥಾನಗಳ ನಡುವೆ ಕೊಳವೆಯನ್ನು ಜಾರಿಸಬೇಕು. ಆದ್ದರಿಂದ ಜಾರು ಈ ವಾದ್ಯಕ್ಕೆ ಸಹಜ. ಕಷ್ಟವಿರುವುದು ವೇಗದ ಓಟದಲ್ಲಿ ಸ್ವರಗಳನ್ನು ಬಿಡಿಬಿಡಿಯಾಗಿ ಉಳಿಸಿಕೊಳ್ಳುವುದರಲ್ಲಿ. ಫುಲ್ಲರ್ ನಾಲಗೆಯಿಂದ ಉಸಿರನ್ನು ಕತ್ತರಿಸಿ ಒಂದೊಂದು ಸ್ವರಕ್ಕೂ ಸ್ಪಷ್ಟವಾದ ಮೊದಲಂಚು ಕೊಡುತ್ತಾರೆ, ಆದರೂ ದನಿಯ ದುಂಡುತನ ಕೆಡುವುದಿಲ್ಲ.

ಇಷ್ಟಾದ ಮೇಲೆ ಉಳಿದ ಐದು ರಚನೆಗಳನ್ನು ಕ್ರಮವಾಗಿ ಕೇಳಿ. ಒಟ್ಟು ಆರರಲ್ಲಿ ಕೆಲವು ಗೋಲ್ಸನ್ ಅವರವು. ‘ಟ್ವೆಲ್ವ್ ಇಂಚ್’ ನಾಯಕರಾದ ಫುಲ್ಲರ್ ಬರೆದದ್ದು. ತನ್ನ ದನಿಗೆ ಒಪ್ಪುವ ಜೊತೆಗಾರನನ್ನೂ ಅವನ ರಚನೆಗಳನ್ನೂ ಆರಿಸಿಕೊಳ್ಳುವುದು ನಾಯಕತ್ವದ ಬಹುದೊಡ್ಡ ಭಾಗವೆಂದು ನಾನು ನಂಬಿದ್ದೇನೆ, ಮತ್ತು ಇಲ್ಲಿ ಅದು ಪ್ರತಿ ಧಾಟಿಯಲ್ಲೂ ಕೇಳಿಸುತ್ತದೆ.

ಕೊನೆಗೆ, ಇದೇ ಸ್ಟುಡಿಯೋದಲ್ಲಿ 1957ರ ಸೆಪ್ಟೆಂಬರ್‌ನಲ್ಲಿ ಮುದ್ರಣಗೊಂಡ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಆಲ್ಬಮ್ ಜೊತೆ ಹೋಲಿಸಿ ನೋಡಿ. ಅಲ್ಲಿ ಲೀ ಮಾರ್ಗನ್ ಅವರ ಟ್ರಂಪೆಟ್ ಮೇಲಿರುವುದರಿಂದ, ಫುಲ್ಲರ್ ಅವರ ಟ್ರೊಂಬೋನ್ ಧಾಟಿಯ ತಳಭಾಗವನ್ನು ತುಂಬುವ ಕೆಲಸ ಮಾಡುತ್ತದೆ. ‘ಬ್ಲೂಸೆಟ್’ನಲ್ಲಿ ಅದೇ ವಾದ್ಯ ಮುಂದೆ ನಿಂತು ಮಾತಾಡುತ್ತದೆ.